ಇಪ್ಪತ್ತೆರಡು ನಲ್ಲಿಗಳ ಒಡೆಯರಾದ ಹದಿನೇಳನೆಯ ಕೋಷ್ಟಕದವರಿಗೆ

ಲಿಂಗಂಪಲ್ಲಿ, ಹೈದರಾಬಾದು
8 ಫೆಬ್ರವರಿ 1987

ನಗರ ಸೇವೆಗಳ ಅಂಕಿಸಂಖ್ಯಾ ಕೈಪಿಡಿಯ ನೂರಾ ಹದಿಮೂರನೆಯ ಪುಟದಲ್ಲಿ ಗೆರೆ, ಕಲಮು, ಅಡಿಟಿಪ್ಪಣಿಗಳೊಡನೆ ಸಕುಟುಂಬ ಸಪರಿವಾರರಾಗಿ ನೆಲೆಸಿರುವ ಹದಿನೇಳನೆಯ ಕೋಷ್ಟಕದವರ ಸನ್ನಿಧಿಗೆ,

ಮಾನ್ಯರೇ,

ಲಿಂಗಂಪಲ್ಲಿ ಸ್ಟೇಷನ್ನಿನ ಹಿಂಬದಿಯ ಹನ್ನೊಂದು ಮನೆಗಳ ಗಲ್ಲಿಯಲ್ಲಿ ಮೂರನೆಯ ಮನೆಯವನಾದ ಬಸವಲಿಂಗಪ್ಪನು ಬಾಗಿ ಮಾಡುವ ಶರಣಾರ್ಥಿಗಳು. ತಾವು ಅಡ್ಡಗೆರೆ ಉದ್ದಗೆರೆಗಳ ಸಮೇತ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆಯಾದರೂ, ನಮ್ಮ ಗಲ್ಲಿಯ ಕ್ಷೇಮಸಮಾಚಾರದಲ್ಲಿ ನಮ್ಮ ಮಾತಿಗಿಂತ ತಮ್ಮ ಮಾತಿಗೇ ಬೆಲೆ ಹೆಚ್ಚೆಂದು ಈಚೆಗೆ ತಿಳಿದುಬಂದಿರುವುದರಿಂದ, ಆ ಬಗ್ಗೆ ನಾನು ಏನೂ ಹೇಳಲು ಹೋಗುವುದಿಲ್ಲ.

ಮನುಷ್ಯರನ್ನು ಬಿಟ್ಟು ಒಂದು ಕೋಷ್ಟಕಕ್ಕೆ ಪತ್ರ ಬರೆಯುತ್ತಾನಲ್ಲ, ಇವನಿಗೇನು ತಲೆ ಕೆಟ್ಟಿದೆಯೇ ಎಂದು ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯ ಓದುಗರು ಕೇಳಬಹುದು. ಮನುಷ್ಯರನ್ನೆಲ್ಲ ನೋಡಿ ಆಗಿದೆ, ಸ್ವಾಮಿ. ಪೈಪು ಹಾಕುವ ಮೇಸ್ತ್ರಿಯನ್ನು ಕೇಳಿದೆ, ಅವರು ಎಂಜಿನಿಯರರನ್ನು ತೋರಿಸಿದರು. ಎಂಜಿನಿಯರರು ನಾಂಪಲ್ಲಿಯ ಅಂಕಿಸಂಖ್ಯೆ ಕಚೇರಿಯನ್ನು ತೋರಿಸಿದರು. ಅಲ್ಲಿನ ಸ್ಟೇಷನ್ನಿನ ಜನಜಾತ್ರೆಯನ್ನು ಸೀಳಿಕೊಂಡು ಅಲ್ಲಿಗೆ ಹೋದರೆ ಅವರೆಲ್ಲರೂ ಒಟ್ಟಾಗಿ, ಭಯಭಕ್ತಿಯಿಂದ, ಕಪಾಟಿನೊಳಗೆ ನೀಲಿ ರಟ್ಟಿನಲ್ಲಿ ಬಿಜಯಮಾಡಿಸಿದ್ದ ತಮ್ಮನ್ನು ತೋರಿಸಿದರು. ತಮಗಿಂತ ಮೇಲಿನವರು ಯಾರೂ ಇಲ್ಲವಂತೆ. ಹಾಗಿರುವಾಗ ನಡುವಿನವರಿಗೆ ಅರ್ಜಿ ಕೊಟ್ಟು ಅವರ ಊಟದ ಹೊತ್ತನ್ನು ಹಾಳುಮಾಡುವುದು ಸಭ್ಯತೆಯಲ್ಲವೆಂದು ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ತುಮಕೂರು ಕಡೆಯವನು, ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಅಳತೆಯ ಕೆಲಸ, ವರ್ಗವಾಗಿ ಇಲ್ಲಿಗೆ ಬಂದು ನಾಲ್ಕು ವರ್ಷ. ಒಂದು ಉಕ್ಕಿನ ತುಂಡು ಅಳತೆಗಿಂತ ಕೂದಲೆಳೆಯಷ್ಟು ದಪ್ಪವಿದ್ದರೂ ಅದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆಸೆಯುವುದು ನನ್ನ ಕಸುಬು. ಆದ್ದರಿಂದ ಅಂಕಿಗಳೆಂದರೆ ನನಗೆ ಮೊದಲಿನಿಂದಲೂ ಗೌರವ, ತಮ್ಮನ್ನು ಮೊದಲ ಸಲ ಕಂಡಾಗಲೂ ಕೈ ಮುಗಿಯುವಂತಾಯಿತು. ನಮ್ಮ ಗಲ್ಲಿಗೆ ಹನ್ನೊಂದು ಮನೆ, ಇಪ್ಪತ್ತೆರಡು ನಲ್ಲಿ, ಅಂದರೆ ಮನೆಗೆ ಎರಡು ಎಂದು ತಾವು ಎಷ್ಟು ಖಚಿತವಾಗಿ, ಎಷ್ಟು ಅಂದವಾಗಿ ಅಚ್ಚಾಗಿದ್ದೀರಿ! ಬೇಗಂಪೇಟೆಯ ದೊಡ್ಡ ದೊಡ್ಡ ಕಟ್ಟಡಗಳ ಸಾಲಿಗೇ ತಾವು ಒಂದೂವರೆ ಕೊಟ್ಟಿರುವಾಗ ನಮ್ಮಂಥವರಿಗೆ ಎರಡು ಕೊಟ್ಟಿರಲ್ಲ, ತಮ್ಮ ಕೈ ದೊಡ್ಡದು.

ಆ ಇಪ್ಪತ್ತೆರಡರಲ್ಲಿ ಒಂದೂ ನಮ್ಮ ಗಲ್ಲಿಯಲ್ಲಿಲ್ಲ ಎಂಬುದು ಸಣ್ಣ ಮಾತು. ಗಲ್ಲಿಯ ಬಾವಿಯದು ಸವಳು ನೀರು, ಬೇಳೆ ಬೇಯುವುದಿಲ್ಲ. ಕುಡಿಯಲು, ಅಡಿಗೆಗೆ, ಮೈಗೆ ಬೇಕಾದ ನೀರನ್ನು ಸ್ಟೇಷನ್ನಿನ ಕಾಲುಸೇತುವೆಯ ನಲವತ್ತಾರು ಮೆಟ್ಟಿಲು ಹತ್ತಿ, ಅಷ್ಟೇ ಮೆಟ್ಟಿಲು ಇಳಿದು, ಆಚೆ ಬದಿಯ ರೈಲ್ವೆ ಕ್ವಾರ್ಟರ್ಸಿನವರ ದಾಕ್ಷಿಣ್ಯದಿಂದ ಕೊಡದಲ್ಲಿ ತರಬೇಕು. ಮೆಟ್ಟಿಲಿನ ಈ ಲೆಕ್ಕ ನಾನೇ ಎಣಿಸಿದ್ದು, ತಪ್ಪಿದ್ದರೆ ತಿದ್ದಬಹುದು.

ತಮ್ಮ ಜನ್ಮವೃತ್ತಾಂತವನ್ನು ತಾವು ಮರೆತಿರಬಹುದು, ಹೇಳುತ್ತೇನೆ, ಬೇಸರಿಸಬಾರದು. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ, ನಾನು ಕೆಲಸಕ್ಕೆ ಹೋಗಿದ್ದಾಗ, ಗಣತಿಯ ಮಹನೀಯರೊಬ್ಬರು ನಮ್ಮ ಮನೆಗೆ ಬಂದರು. ಕರಾವಳಿ ಆಂಧ್ರದವರು, ಊರಿಗೆ ಹೊಸಬರು, ಬಲು ಸಜ್ಜನರು. ಬಾಗಿಲಲ್ಲೇ ನಿಂತು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ನನ್ನ ಹೆಂಡತಿ ಕಮಲಾಕ್ಷಿ ಒಲೆಯ ಮುಂದಿನಿಂದಲೇ, ಮಗಳು ವನಜಾಳನ್ನು ಹೋದ ತಿಂಗಳಷ್ಟೇ ಮದುವೆ ಮಾಡಿ ಕಳಿಸಿದ್ದರಿಂದ ಸದ್ಯಕ್ಕೆ ನಾವಿಬ್ಬರೇ ಎಂದು, ಕೇಳದ ವಿಷಯವನ್ನೂ ಸೇರಿಸಿ ಹೇಳಿದಳು. ಕಮಲಾಕ್ಷಿಯ ತೆಲುಗಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಹಾಲು ತರುವವಳಿಂದ ಕಲಿತದ್ದು. ಕನ್ನಡದ ಯಾವ ಪದಕ್ಕಾದರೂ ಕೊನೆಯಲ್ಲೊಂದು ‘ಉಂದಿ’ ಸೇರಿಸಿದರೆ ತೆಲುಗಾಗುತ್ತದೆಂಬ ಧೈರ್ಯ ಅವಳದು, ನಾಲ್ಕು ವರ್ಷದಿಂದ ಸಂತೆ ಸಾಗಿರುವುದೂ ಆ ಧೈರ್ಯದ ಮೇಲೇ.

ಗಣತಿಯವರ ಎರಡನೆಯ ಪ್ರಶ್ನೆ, “ಕುಳಾಯಿಲು ಎನ್ನಿ ಉನ್ನಾಯಮ್ಮಾ?”, ಕುಳಾಯಿ ಎಷ್ಟಿವೆಯಮ್ಮ ಎಂದು. ಅವರ ಸೀಮೆಯಲ್ಲಿ ನೀರು ಬರುವ ನಲ್ಲಿಗೆ ಕುಳಾಯಿ ಎನ್ನುತ್ತಾರೆ. ಹೈದರಾಬಾದಿನ ತೆಲುಗರು ‘ನಲ್ಲಾ’ ಎನ್ನುವುದನ್ನು ಮಾತ್ರ ಕೇಳಿದ್ದ ಕಮಲಾಕ್ಷಿಗೆ ಅದು ಹೇಗೆ ಗೊತ್ತಾಗಬೇಕು? ಅವಳಿಗೆ ಕೇಳಿಸಿದ್ದು ಕುಲಾವಿ, ಕೂಸಿನ ತಲೆಗೆ ಹಾಕುವ ಕುಲಾವಿ. ಮಗಳ ಮದುವೆಯ ಸುದ್ದಿ ಹೇಳಿದ ಮರುಗಳಿಗೆಯಲ್ಲೇ ಮೊಮ್ಮಗುವಿನ ಕುಲಾವಿಯನ್ನು ವಿಚಾರಿಸುವ ಸರ್ಕಾರವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಣ್ಣಲ್ಲಿ ನೀರೇ ಬಂತಂತೆ, ಪಾಪ. ಅವಳ ತಾಯಿಯದು ಅವಸರದ ಸ್ವಭಾವವಾದ್ದರಿಂದ ಮದುವೆಯ ಉಡುಗೊರೆಯ ಜೊತೆಯಲ್ಲೇ ಕೆಂಪು ರೇಷ್ಮೆಯದೊಂದು, ಉಣ್ಣೆಯದೊಂದು ಕುಲಾವಿ ಕೊಟ್ಟಿದ್ದರು, ಅವು ಟ್ರಂಕಿನಲ್ಲಿದ್ದವು. “ರೆಂಡು ಉಂದಿ,” ಎಂದಳು. ಚೆನ್ನಾಗಿವೆಯೇ ಎಂದು ಅವರು ಕೇಳಿದರೆ ಎರಡೂ ಹೊಚ್ಚಹೊಸವು, ಇನ್ನೂ ಬಳಸಿಲ್ಲ, ದೇವರು ಕಣ್ಣು ಬಿಟ್ಟರೆ ಬರುವ ವರ್ಷ ಎಂದಳು. ಎಲ್ಲಿಂದ ಬಂದವು ಎಂದರೆ ಅಮ್ಮ ಕೊಟ್ಟಳು ಎಂದಳು. ತೆಗೆದು ತೋರಿಸುತ್ತೇನೆ ಎಂದು ಏಳಲೂ ಹೊರಟಳು, ಆದರೆ ಆ ಸಜ್ಜನರು ಹೆಂಗಸರ ಮಾತನ್ನು ಅನುಮಾನಿಸುವವರಲ್ಲ, ಬೇಡವೆಂದರು. ತಮ್ಮ ಷರಾ ಕಲಮಿನಲ್ಲಿ ಅದೆಲ್ಲ ಎಷ್ಟು ಗಂಭೀರವಾಗಿ ಕೂತಿದೆ ನೋಡಿ: ‘ಮೂಲ ಖಾಸಗಿ; ಹೊಸವು; ಮುಂದಿನ ವರ್ಷ ಬಳಕೆಗೆ ಬರುವ ನಿರೀಕ್ಷೆಯಿದೆ.’

ಕೊನೆಗೆ, ಇನ್ನೇನಾದರೂ ತೊಂದರೆಯಿದೆಯೇ ಎಂದು ಕೇಳಿದರಂತೆ. ಇಷ್ಟು ಅಂತಃಕರಣದವರ ಮುಂದೆ ಮುಚ್ಚಿಡುವುದೇನು ಎಂದು ಕಮಲಾಕ್ಷಿ ತನ್ನ ತೆಲುಗನ್ನೆಲ್ಲ ಒಟ್ಟುಗೂಡಿಸಿ, “ನಲ್ಲಿ ಬಾಧ ಚಾಲಾ ಉಂದಿ,” ಎಂದಳು. ನಲ್ಲಿಯದೇ ತಾಪತ್ರಯ ಎಂದು ಅವಳ ಭಾವ. ತೆಲುಗಿನಲ್ಲಿ ನಲ್ಲಿ ಎಂದರೆ ತಿಗಣೆ. ಪಕ್ಕದ ಮನೆಯ ಸೂಗಮ್ಮನವರಂತೆ ರಾಯಚೂರಿನ ಬಾಯಲ್ಲಿ ‘ನಳ’ ಎಂದಿದ್ದರೂ ಬಚಾವಾಗುತ್ತಿದ್ದೆವು, ತುಮಕೂರಿನವಳ ನಾಲಿಗೆಗೆ ಅದು ಬರಬೇಕಲ್ಲ! ಬಿಸಿಲು ಜೋರಿತ್ತಂತೆ, ಗಣತಿಯವರು ನಮ್ಮದನ್ನೇ ಮಾದರಿ ಮನೆಯೆಂದು ಆರಿಸಿ, ಅಲ್ಲೇ ನಿಂತು ಹನ್ನೊಂದರಿಂದ ಗುಣಿಸಿ, ಒಂದು ಲೋಟ ಮಜ್ಜಿಗೆ ಕುಡಿದು ಹೊರಟರು. ಆ ಮಜ್ಜಿಗೆಯ ನೀರನ್ನೂ ಕಮಲಾಕ್ಷಿಯೇ ಬೆಳಿಗ್ಗೆ ಸೇತುವೆ ದಾಟಿ ತಂದಿದ್ದಳು.

ಹೀಗೆ ತಾವು ಅವತರಿಸಿದಿರಿ. ತಮ್ಮ ಅನುಗ್ರಹದ ಫಲಗಳು ಒಂದೊಂದಾಗಿ ಗಲ್ಲಿಗೆ ಬರತೊಡಗಿದವು. ಮೊದಲು ಬಂದದ್ದು ತಿಗಣೆ ಪಡೆ, ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಆರು ಜನ. ಅಂಗಳದಲ್ಲಿ ಹಪ್ಪಳ ಒಣಹಾಕಿದ್ದ ಸೂಗಮ್ಮನವರು ಕೋಲು ಹಿಡಿದು ಅಡ್ಡ ನಿಂತು, “ಏ ಯಪ್ಪಾ, ನಮ್ಮನ್ಯಾಗ ತಗಣಿ ಅದಾವಂತ ಹೇಳಿದವ್ರ್ಯಾರು? ಲಗ್ನದ ಹುಡುಗಿ ಅದಾಳ ಮನ್ಯಾಗ, ಮಂದಿ ಕೇಳಿದ್ರ ಏನಂದಾರು! ನೀರು ತರ‍್ರಿ ಅಂದ್ರ ಔಷಧ ತಂದೀರೇನ?” ಎಂದು ಎಗರಾಡಿದರು. ಪಡೆಯವರು ವಿನಯದಿಂದ ಕಾಗದ ತೋರಿಸಿ, ಹಪ್ಪಳದ ಸಮೇತ ಎಲ್ಲಕ್ಕೂ ಔಷಧ ಹೊಡೆದು ಹೋದರು. ವರ್ಷದಲ್ಲಿ ಮೂರು ಸಲ ಬಂದಿದ್ದಾರೆ. ಇಡೀ ಹೈದರಾಬಾದಿನಲ್ಲಿ ಇಷ್ಟು ಶಿಸ್ತಾಗಿ ನಡೆಯುವ ಸೇವೆ ಇನ್ನೊಂದನ್ನು ನಾನು ಕಾಣೆ.

ಆಮೇಲೆ, ಹೋದ ನವೆಂಬರಿನಲ್ಲಿ, ಹೊಸ ನೀರಿನ ಪೈಪು ಬಂತು. ಗಲ್ಲಿಯ ಬಾಯಿಯವರೆಗೂ ಕಾಲುವೆ ತೋಡಿದರು. ಹೆಂಗಸರು ಆರತಿ ತಟ್ಟೆಯನ್ನೂ ತೊಳೆದಿಟ್ಟರು. ಮಾರನೆಯ ದಿನ ಕಾಲುವೆ ನಮ್ಮ ಗಲ್ಲಿಯ ಮುಂದೆ ಒಂದು ಕ್ಷಣ ನಿಂತು ಯೋಚಿಸಿದಂತೆ ಮಾಡಿ, ಬಲಕ್ಕೆ ತಿರುಗಿ ಹೊರಟೇಹೋಯಿತು. ಮನೆಗೆ ಒಂದಕ್ಕಿಂತ ಕಡಿಮೆ ನಲ್ಲಿ ಇರುವ ಬೀದಿಗಳಿಗೆ ಮಾತ್ರ ಈ ಪೈಪು, ನಿಮಗಾಗಲೇ ಎರಡೆರಡಿವೆ, ಆಸೆಗೂ ಮಿತಿ ಬೇಕು ಎಂದು ಮೇಸ್ತ್ರಿಗಳು ಬುದ್ಧಿ ಹೇಳಿದರು.

ಆಗಲೇ ನಾನು ನಾಂಪಲ್ಲಿಯವರೆಗೂ ಓಡಿದ್ದು. ಅಲ್ಲಿ ರಾಯಚೂರಿನ ಪ್ರಹ್ಲಾದ ಎಂಬ ಗುಮಾಸ್ತರು ಕನ್ನಡದವನೆಂಬ ಪ್ರೀತಿಯಿಂದ ಮೂಲ ಫಾರ್ಮನ್ನೇ ತೆಗೆದು ತೋರಿಸಿದ್ದರಿಂದ ಇಷ್ಟೆಲ್ಲ ಬಯಲಾಯಿತು. ಕಮಲಾಕ್ಷಿ ಅಂದೇ ನನಗೆ ಸಂಭ್ರಮದಿಂದ ಹೇಳಿದ್ದ ಕುಲಾವಿಯ ಕಥೆ ಕೇಳಿ ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು, ಮೇಲೆ ಒಂದು ಚಹಾ ಕುಡಿಸಿದರು. ತಿದ್ದಿಕೊಡಿ ಎಂದೊಡನೆ ಮಾತ್ರ ನಗು ನಿಂತಿತು. “ಅಚ್ಚಾಗಿ ಬಂದುಬಿಟ್ಟದರಿ ಸರ. ನಿಮ್ಮ ಗಲ್ಲಿ ತಿದ್ದಿದ್ರ ಒಟ್ಟು ತಪ್ಪತದ, ಒಟ್ಟು ತಪ್ಪಿದ್ರ ಸರಾಸರಿ ತಪ್ಪತದ, ಸರಾಸರಿ ತಪ್ಪಿದ್ರ ಸಾಹೇಬ್ರು ದಿಲ್ಲಿಗಿ ಕಳಿಸಿದ್ದೂ ತಪ್ಪತದ. ಮುಂದಿನ ಗಣತಿ ತನಕಾ ಇದೇ ಖರೆ. ಅದಕಿಂತ ನೀವೇ ಎರಡು ನಳ ಹಾಕಿಸಿಕೊಂಡುಬಿಡ್ರಿ, ಪುಸ್ತಕಾ ಸರಿ ಆಗತದ,” ಎಂದರು. ಅವರ ಮೇಲಿನವರು ಇನ್ನೂ ಉದಾರಿಗಳು. ಇದ್ದ ನಲ್ಲಿ ಕಾಣುತ್ತಿಲ್ಲವೆಂದರೆ ಕಳುವಾಗಿರಬೇಕು, ಪೊಲೀಸರಿಗೆ ದೂರು ಕೊಟ್ಟು ಪ್ರತಿ ತನ್ನಿ ಎಂದರು.

ಇಷ್ಟೇ ಆಗಿದ್ದರೆ ನಾನು ನಾಲ್ಕು ಜನರ ಹಾಗೆ ಗೊಣಗಿಕೊಂಡು ಕೊಡ ಎತ್ತಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ವನಜಾ ಬಸುರಿ. ಚೊಚ್ಚಲು. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಪದ್ಧತಿ ಮಾತ್ರವಲ್ಲ, ಕಮಲಾಕ್ಷಿ ಮಗಳನ್ನು ಕಳಿಸಿದ ದಿನದಿಂದ ಬದುಕಿರುವುದೇ ಆ ಒಂದು ಆಸೆಯಲ್ಲಿ. ವನಜಾಳನ್ನು ಕೊಟ್ಟಿರುವುದು ವಾಡಿಯ ರೈಲು ಮಾರ್ಗದ ಒಂದು ಸಣ್ಣ ಊರಿಗೆ. ಏಳನೆಯ ತಿಂಗಳ ಕುಬಸಕ್ಕೆ ದಿನ ಹಿಡಿಯುವ ಹೊತ್ತಿಗೆ ಬೀಗರಾದ ವೀರಭದ್ರಪ್ಪನವರಿಂದ ಕಾಗದ ಬಂತು. ನಿಮ್ಮಲ್ಲಿ ನೀರಿಗೆ ತೊಂದರೆಯಂತೆ. ಹಸಿ ಬಾಣಂತಿಗೆ, ಕೂಸಿಗೆ ದಿನಾ ಹಂಡೆಗಟ್ಟಲೆ ನೀರು ಬೇಕು. ನೀರಿಲ್ಲದ ಮನೆಗೆ ಸೊಸೆಯನ್ನು ಕಳಿಸುವುದಿಲ್ಲವೆಂದು ನಮ್ಮ ಮನೆಯಾಕೆ ಹಟ ಹಿಡಿದಿದ್ದಾಳೆ, ಏನು ಮಾಡೋಣ ಎಂದು ಬರೆದಿದ್ದರು. ಬೀಗಿತ್ತಿಯ ಮಾತು ತಪ್ಪಲ್ಲ. ಕಮಲಾಕ್ಷಿ ಆ ಕಾಗದವನ್ನು ಎರಡು ಸಲ ಓದಿಸಿಕೊಂಡು, ಆ ದಿನ ಊಟ ಬಿಟ್ಟಳು.

ಈಗ ತಪ್ಪೊಪ್ಪಿಗೆ. ನಾಂಪಲ್ಲಿಯಿಂದ ಬರುವಾಗ ನಾನು ತಮ್ಮ ಪುಟದ ಒಂದು ಪ್ರತಿ ತಂದಿದ್ದೆ. ಅದರಲ್ಲಿ ನಮ್ಮ ಗಲ್ಲಿಯ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ‘ಮನೆಗೆ ಎರಡು ನಲ್ಲಿ ಎಂದು ಸರ್ಕಾರವೇ ಅಚ್ಚು ಹಾಕಿಸಿದೆ, ಬೀಗರು ಸಂಶಯಪಡಬಾರದು’ ಎಂದು ಬರೆದು, ಲಕೋಟೆಗೆ ಹಾಕಿ, ವೀರಭದ್ರಪ್ಪನವರಿಗೆ ಕಳಿಸಿಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಅಳತೆಗೂ ರುಜು ಹಾಕಿದವನಲ್ಲ ನಾನು. ನನ್ನ ಕೈಯಲ್ಲಿ ಆ ಕೆಲಸ ಮಾಡಿಸಿದ್ದು ತಾವು ಎಂದು ಬರೆಯಬೇಕೆಂದಿದ್ದೆ, ಆದರೆ ತಾವು ಮಾಡಿಸಲಿಲ್ಲ, ನಾನೇ ಮಾಡಿದೆ. ಎಂಟನೆಯ ದಿನಕ್ಕೆ ಉತ್ತರ ಬಂತು, ಪುಟ ನೋಡಿ ಎಲ್ಲರಿಗೂ ಸಮಾಧಾನವಾಯಿತು, ಕುಬಸ ಮುಗಿಸಿ ಕರೆದುಕೊಂಡು ಹೋಗಿ ಎಂದು. ಕಮಲಾಕ್ಷಿಗೆ ಈ ಕಿತಾಪತಿಯನ್ನು ನಾನು ಹೇಳಲಿಲ್ಲ. ಅವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ವನಜಾ ಬಂದಳು. ಬಂದವಳು ಕೈಕಾಲು ತೊಳೆಯುವ ಮೊದಲೇ ಮನೆಯನ್ನೆಲ್ಲ ಒಂದು ಸುತ್ತು ಹಾಕಿ, “ಅಪ್ಪಾ, ಹೊಸ ನಲ್ಲಿ ಎರಡೂ ಎಲ್ಲಿವೆ? ಅತ್ತೆ ನೋಡಿ ಬರೆಯೋಕೆ ಹೇಳಿದಾರೆ,” ಎಂದು ಕೇಳಿದಳು. ನಾನು ಕೆಮ್ಮಿದೆ. ಅವಳು ನನ್ನ ಮುಖ ನೋಡಿದಳು, ಮತ್ತೆ ಕೇಳಲಿಲ್ಲ. ಬುದ್ಧಿವಂತೆ, ನನ್ನ ಮಗಳಲ್ಲವೇ. ಆದರೆ ಮೊನ್ನೆ ಬುಧವಾರ ಮಧ್ಯಾಹ್ನದ ಪಾಳಿ ಮುಗಿಸದೆ ಬೇಗ ಮನೆಗೆ ಬರುತ್ತಿದ್ದವನು ಸ್ಟೇಷನ್ನಿನ ಸೇತುವೆಯ ಮೇಲೆ ಕಂಡದ್ದನ್ನು ತಮಗೆ ಹೇಳಲೇಬೇಕು. ತುಂಬಿದ ಒಂಬತ್ತು ತಿಂಗಳ ಹುಡುಗಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಅವಳಮ್ಮನಿಗೆ ಜ್ವರವಂತೆ, ಮನೆಯಲ್ಲಿ ಹನಿ ನೀರಿರಲಿಲ್ಲವಂತೆ. ಓಡಿಹೋಗಿ ಕೊಡ ಕಿತ್ತುಕೊಂಡೆ. “ಬಿಡಪ್ಪಾ, ಅರ್ಧ ಕೊಡ ಅಷ್ಟೆ,” ಎಂದಳು. ಮಾನ್ಯರೇ, ನನಗೆ ಅಂಥ ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ. ಕಾಲು ಜಾರಿದ್ದರೆ ಆ ಅಂಕಿಯನ್ನು ಯಾವ ಕಲಮಿನಲ್ಲಿ ಹಾಕುತ್ತಿದ್ದಿರಿ?

ಆದ್ದರಿಂದ ಪ್ರಾರ್ಥನೆ. ತಮ್ಮನ್ನು ತಿದ್ದಿಕೊಳ್ಳಿ ಎಂದು ನಾನು ಕೇಳುವುದಿಲ್ಲ. ತಾವು ಅಚ್ಚಾದವರು, ತಿದ್ದುವುದು ನಮ್ಮಂಥ ಹಾಳು ಮನುಷ್ಯರಿಗೆ. ತಾವು ನಿಜವಾದರೆ ಸಾಕು. ಇಪ್ಪತ್ತೆರಡೂ ಬೇಡ, ಅಷ್ಟು ದುರಾಸೆ ನಮಗಿಲ್ಲ. ತಮ್ಮ ಐದನೆಯ ಕಲಮಿನಿಂದ ಒಂದೇ ಒಂದು ನಲ್ಲಿಯನ್ನು, ಹಳೆಯದಾದರೂ ಸರಿ, ಸೋರುವುದಾದರೂ ಸರಿ, ಬಾಣಂತನ ಮುಗಿಯುವವರೆಗೆ ಕೈಗಡ ಕೊಟ್ಟರೆ, ಒರೆಸಿ ಬಟ್ಟೆಯಲ್ಲಿ ಸುತ್ತಿ ಹಿಂದಿರುಗಿಸುತ್ತೇವೆ. ಅದೂ ಆಗದಿದ್ದರೆ, ದಯಮಾಡಿ ತಾವೇ ಒಮ್ಮೆ ನೂರಾ ಹದಿಮೂರನೆಯ ಪುಟದಿಂದ ಇಳಿದು ಬಂದು, ಆ ಸೇತುವೆಯ ಮೇಲೆ, ಕೊಡದ ಸಮೇತ, ಒಂದು ಸಲ ಹತ್ತಿ ಇಳಿದು ನೋಡಬೇಕು. ತಿಗಣೆ ಪಡೆಯವರನ್ನಾದರೂ ಕಳಿಸಿ. ಆ ಡಬ್ಬಿಗಳನ್ನು ಚೆನ್ನಾಗಿ ತೊಳೆದು ನೀರು ತುಂಬಿಕೊಂಡು ಬಂದರೆ ಆರು ಜನರಿಗೆ ಆರು ಡಬ್ಬಿ, ಕೂಸಿನ ಒಂದು ಸ್ನಾನ ಸಾಗುತ್ತದೆ.

ಈ ಪತ್ರ ಬಹಿರಂಗವಾದದ್ದು, ಬೀಗರ ಕಣ್ಣಿಗೂ ಬೀಳುತ್ತದೆ. ಬೀಳಲೆಂದೇ ಬರೆದಿದ್ದೇನೆ, ಒಂದು ಪ್ರತಿಯನ್ನು ಅವರಿಗೆ ಇಂದೇ ಅಂಚೆಗೆ ಹಾಕುತ್ತೇನೆ. ಅವರು ಬಂದು ಸೊಸೆಯನ್ನು ವಾಪಸು ಕರೆದುಕೊಂಡು ಹೋದರೆ ತಡೆಯುವ ಮುಖ ನನಗಿಲ್ಲ. ಕಮಲಾಕ್ಷಿಗೆ ನಿನ್ನೆ ಎಲ್ಲ ಹೇಳಿದೆ. ಆಗಿನಿಂದ ಟ್ರಂಕು ತೆಗೆದು ಮಡಿಚಿಟ್ಟದ್ದನ್ನೇ ಮತ್ತೆ ಮಡಿಚುತ್ತಾ ಕೂತಿದ್ದಾಳೆ.

ತಮ್ಮ ಗೆರೆಗಳು ಎಂದೆಂದಿಗೂ ನೇರವಾಗಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಬಸವಲಿಂಗಪ್ಪ
(ತಮ್ಮ ಲೆಕ್ಕದಲ್ಲಿ ಎರಡು ನಲ್ಲಿಗಳ ಯಜಮಾನ)

ತಾ.ಕ.: ಪತ್ರಿಕೆ ಅಚ್ಚಿಗೆ ಹೋಗುವುದು ತಡವಾದ್ದರಿಂದ ಇಷ್ಟನ್ನು ಸೇರಿಸುತ್ತಿದ್ದೇನೆ. ಪ್ರತಿ ತಲುಪಿದ ಮರುದಿನವೇ ವೀರಭದ್ರಪ್ಪನವರು ಬೆಳಗಿನ ಪ್ಯಾಸೆಂಜರಿನಲ್ಲಿ ಬಂದಿಳಿದರು. ನಾನು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತೆ. ಅವರು ಚೀಲ ಇಳಿಸಿ, ಪೇಟ ಬಿಚ್ಚಿ, “ಅಯ್ಯ ಬೀಗರ, ನಿಮ್ಮ ಹಾಳಿ ಸುಳ್ಳಂತ ನೋಡಿದ ಕೂಡ್ಲೆ ಗೊತ್ತಾಗಿತ್ತು ಬಿಡ್ರಿ. ನಮ್ಮಾಕಿ ಬಾಯಿ ಮುಚ್ಚಸಾಕ ನನಗೂ ಒಂದು ಅಚ್ಚಿನ ಹಾಳಿ ಬೇಕಾಗಿತ್ತು. ನಮ್ಮೂರಾಗ ಹತ್ತು ಹಾಸಗಿ ಹೆರಿಗಿ ದವಾಖಾನಿ ಐತಂತ ನಮ್ಮ ಕಡಿ ಪುಸ್ತಕದಾಗೂ ಅಚ್ಚು ಹಾಕ್ಯಾರ, ಆ ಜಾಗಾದಾಗ ನಾನು ಎಮ್ಮಿ ಕಟ್ಟತೀನಿ. ನಿಮ್ಮ ಕಾರ್ಖಾನಿ ದವಾಖಾನ್ಯಾಗ ಖರೇನ ಡಾಕ್ಟರಮ್ಮ ಅದಾರ. ನೀರು ಹೊತ್ತರ ಬರತೈತಿ, ಡಾಕ್ಟರನ್ನ ಹೊತ್ತು ತರಾಕ ಆಗತೈತೇನ್ರಿ? ಎಲ್ಲೈತಿ ಕೊಡಾ, ಕೊಡ್ರಿ ಇಲ್ಲೆ,” ಎಂದರು. ಅಂದಿನಿಂದ ಸೇತುವೆಯ ಮೇಲೆ ನಾವಿಬ್ಬರೂ ಬೀಗರು ಸರತಿಯಲ್ಲಿ ಹೊರುತ್ತಿದ್ದೇವೆ, ಹೊರಗೆ ಕಾಲಿಟ್ಟರೆ ಜೋಕೆ ಎಂದು ವನಜಾಳಿಗೆ ಇಬ್ಬರೂ ಗದರಿದ್ದೇವೆ. ಅವರ ಕಡೆಯ ಕೋಷ್ಟಕದವರು ತಮಗೆ ದಾಯಾದಿಗಳೇ ಇರಬೇಕಾದ್ದರಿಂದ ದಯವಿಟ್ಟು ಒಂದು ಸುದ್ದಿ ಮುಟ್ಟಿಸಿ: ಆ ಹತ್ತು ಹಾಸಿಗೆಯ ದವಾಖಾನೆಯಲ್ಲಿ ಕಳೆದ ವರ್ಷ ಎರಡು ಹೆರಿಗೆ ಸುಸೂತ್ರವಾಗಿ ಆಗಿವೆ, ಎರಡೂ ಎಮ್ಮೆಗಳವು, ಬೀಗರು ಕಣ್ಣಾರೆ ಕಂಡದ್ದು, ಧೈರ್ಯವಾಗಿ ಅಚ್ಚು ಹಾಕಿಸಬಹುದು.